ಮೋಡದ ಕೆರೆಯ ನೀರುಗಂಟಿ

ನಮ್ಮ ಕಾಲೇಜಿಗೆ ಒಂದು ಯಂತ್ರವಿದೆ; ಆದರೆ ಅದು ನಮ್ಮ ಕಾಲೇಜಿನಲ್ಲಿಲ್ಲ. ಎರಡು ವರ್ಷಗಳಿಂದ ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಆದರೆ ಅದನ್ನು ನಾನು ಕಣ್ಣಿನಿಂದ ನೋಡಿಲ್ಲ. ಮುಂಬಯಿಯ ಯಾವುದೋ ಕಟ್ಟಡದಲ್ಲಿ, ಸಾವಿರಾರು ಯಂತ್ರಗಳ ನಡುವೆ ಅದೂ ಒಂದಾಗಿ ಇದೆಯೆಂದು ನಂಬಿದ್ದೇನೆ. ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಸಲ್ಲುತ್ತದೆ. ಕಾಣದ ವಸ್ತುವನ್ನು ನಂಬುವುದೂ, ನಂಬಿದ ಮೇಲೆ ಕಾಣಿಕೆ ಸಲ್ಲಿಸುವುದೂ ನಮ್ಮ ಜನಕ್ಕೆ ಹೊಸದೇನೂ ಅಲ್ಲವಷ್ಟೆ.

ಇಂಥ ಬಾಡಿಗೆ ಯಂತ್ರಗಳ ಸಮೂಹಕ್ಕೆ ‘ಕ್ಲೌಡ್’ ಎಂದು ಹೆಸರು. ಕ್ಲೌಡ್ ಎಂದರೆ ಮೋಡ. ನಮ್ಮ ಭೂಗೋಳ ವಿಭಾಗದ ಮಟ್ಟಿಗೆ ಈ ಹೆಸರು ವಿನೋದಕರವಾಗಿಯೇ ಒದಗಿತು. ಏಕೆಂದರೆ ನಾವು ಆ ಮೋಡದಲ್ಲಿ ತುಂಬಿದ್ದು ಮಳೆಯನ್ನು. ಭಾರತೀಯ ಹವಾಮಾನ ಇಲಾಖೆಯವರು ೧೯೦೧ರಿಂದ ಈಚೆಗೆ ದೇಶದಲ್ಲಿ ದಿನದಿನವೂ ಬಿದ್ದ ಮಳೆಯ ಲೆಕ್ಕವನ್ನು ಚೌಕುಳಿ ಮಾಡಿ ಇಟ್ಟಿದ್ದಾರೆ. ಅಕ್ಷಾಂಶ ರೇಖಾಂಶಗಳಲ್ಲಿ ಕಾಲು ಡಿಗ್ರಿಗೆ ಒಂದರಂತೆ ಬಿಂದುಗಳು. ಪೂರ್ವ ಪಶ್ಚಿಮವಾಗಿ ೧೩೫, ದಕ್ಷಿಣೋತ್ತರವಾಗಿ ೧೨೯, ಒಟ್ಟು ೧೭,೪೧೫. ಒಂದು ದಿನಕ್ಕೆ ಇಷ್ಟು ಅಂಕಿಗಳಾದರೆ ಒಂದು ವರ್ಷಕ್ಕೆ ಅರವತ್ತಮೂರು ಲಕ್ಷಕ್ಕೂ ಮೇಲೆ. ಯಂತ್ರದ ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು ೨೫ ಎಂಬಿ. ೧೯೦೧ರಿಂದ ೨೦೨೦ರವರೆಗಿನ ನೂರಿಪ್ಪತ್ತು ವರ್ಷಗಳ ಮಳೆ ಸುಮಾರು ೩ ಜಿಬಿ. ನಮ್ಮ ತಾತ ಮುತ್ತಾತಂದಿರು ಆಕಾಶ ನೋಡಿ ನಿಟ್ಟುಸಿರು ಬಿಟ್ಟ ದಿನಗಳೆಲ್ಲ ಅಲ್ಲಿ ಸೊನ್ನೆಗಳಾಗಿ ಕುಳಿತಿವೆ.

ಇದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇಳಿಸಿಕೊಂಡು ಇಡುವುದೆಲ್ಲಿ, ಲೆಕ್ಕ ಹಾಕುವುದೆಲ್ಲಿ ಎಂಬುದೇ ಪ್ರಶ್ನೆ. ನಮ್ಮ ವಿಭಾಗದಲ್ಲಿರುವ ಕಂಪ್ಯೂಟರುಗಳು ಆರು. ಎರಡು ಕರೆಂಟು ಇದ್ದರೂ ಏಳುವುದಿಲ್ಲ. ಉಳಿದ ನಾಲ್ಕು ಎದ್ದ ಮೇಲೆ ಆಕಳಿಸುವುದಕ್ಕೇ ಕಾಲು ಗಂಟೆ ತೆಗೆದುಕೊಳ್ಳುತ್ತವೆ. ತರಗತಿಯಲ್ಲಿ ನಾವು ಮೂವತ್ತೆರಡು ಮಂದಿ. ಸ್ವಂತ ಲ್ಯಾಪ್‌ಟಾಪ್ ಉಳ್ಳವರು ಏಳು ಜನ. ಮೊಬೈಲು ಮಾತ್ರ ಎಲ್ಲರ ಜೇಬಿನಲ್ಲೂ ಉಂಟು. ಹೀಗಿರಲು ನಮ್ಮ ಅಧ್ಯಾಪಕರೊಬ್ಬರು, “ಮನೆಮನೆಗೂ ಬಾವಿ ತೋಡಿಸುವುದಕ್ಕೆ ನಮ್ಮಿಂದ ಆಗುವುದಿಲ್ಲ, ಊರಿಗೊಂದು ಕೆರೆ ಕಟ್ಟಿಕೊಳ್ಳೋಣ” ಎಂದರು. ವಿಭಾಗದ ಅಲ್ಪ ನಿಧಿಯಲ್ಲಿ ೧೬ ಜಿಬಿ ಮೆಮೊರಿಯ ಯಂತ್ರವೊಂದು ಬಾಡಿಗೆಗೆ ಬಂದಿತು. ಅದನ್ನು ಕಾಯಲು ಒಬ್ಬ ವಿದ್ಯಾರ್ಥಿ ಬೇಕೆಂದಾಗ ಎಲ್ಲರೂ ನನ್ನ ಕಡೆಗೆ ನೋಡಿದರು. ಹಾಸ್ಟೆಲಿನಲ್ಲಿರುವವನು, ರಾತ್ರಿ ಎಬ್ಬಿಸಿದರೆ ಸಿಗುತ್ತಾನೆ ಎಂಬುದರ ಹೊರತು ಬೇರೆ ಅರ್ಹತೆ ನನಗೆ ಇದ್ದಂತೆ ತೋರಲಿಲ್ಲ.

ಆ ಕೆರೆಯ ಹೆಸರು ಜುಪಿಟರ್ ಹಬ್. ಇದರ ಪೂರ್ವವೃತ್ತವನ್ನು ಎರಡು ಮಾತಿನಲ್ಲಿ ಹೇಳಬೇಕು. ೨೦೦೧ರಲ್ಲಿ ಫೆರ್ನಾಂಡೊ ಪೆರೆಜ್ ಎಂಬ ಭೌತಶಾಸ್ತ್ರದ ವಿದ್ಯಾರ್ಥಿ, ಅಮೆರಿಕದ ಕೊಲರಾಡೊದಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ತನ್ನ ಅನುಕೂಲಕ್ಕೆಂದು ಐಪೈಥಾನ್ ಎಂಬ ಸಾಧನವನ್ನು ಬರೆದುಕೊಂಡರು. ಅದು ಬೆಳೆದು ೨೦೧೧ರಲ್ಲಿ ‘ನೋಟ್‌ಬುಕ್’ ಆಯಿತು. ಅಂದರೆ ಬ್ರೌಸರಿನಲ್ಲಿ ತೆರೆಯುವ ಒಂದು ಪುಸ್ತಕ. ಅದರಲ್ಲಿ ಒಂದು ಅಂಕಣ ನಮ್ಮ ಮಾತು, ಇನ್ನೊಂದು ಅಂಕಣ ಯಂತ್ರಕ್ಕೆ ಕೊಟ್ಟ ಲೆಕ್ಕ, ಅದರ ಕೆಳಗೇ ಉತ್ತರ, ಉತ್ತರದ ಕೆಳಗೇ ಚಿತ್ರ. ೨೦೧೪ರಲ್ಲಿ ಇದಕ್ಕೆ ಜುಪಿಟರ್ ಎಂದು ಹೆಸರಾಯಿತು. ಜೂಲಿಯಾ, ಪೈಥಾನ್, ಆರ್ ಎಂಬ ಮೂರು ಗಣಕ ಭಾಷೆಗಳ ಅಕ್ಷರಗಳು ಅದರಲ್ಲಿ ಅಡಗಿವೆ. ೧೬೧೦ರ ಜನವರಿಯಲ್ಲಿ ಗೆಲಿಲಿಯೊ ಗುರುಗ್ರಹದ ಚಂದ್ರರನ್ನು ಕಂಡು ರಾತ್ರಿ ರಾತ್ರಿಯೂ ಬರೆದಿಟ್ಟ ಟಿಪ್ಪಣಿಗಳ ಸ್ಮರಣೆಯೂ ಇದೆ. ಜುಪಿಟರ್ ಎಂದರೆ ನಮ್ಮ ಬೃಹಸ್ಪತಿಯೇ ಎಂದು ತಿಳಿದ ದಿನ ನಮ್ಮ ತರಗತಿಯವರು, “ಅಂತೂ ನಮ್ಮ ವಿಭಾಗಕ್ಕೆ ಗುರುಬಲ ಕೂಡಿ ಬಂತು” ಎಂದು ಸಂತೋಷಪಟ್ಟರು.

ಇದು ಆಟದ ಸಾಮಾನೆಂದು ಯಾರೂ ಭಾವಿಸಬಾರದು. ೨೦೧೫ರ ಸೆಪ್ಟೆಂಬರ್ ೧೪ರಂದು ಲೈಗೊ ವೀಕ್ಷಣಾಲಯಗಳಿಗೆ ಸಿಕ್ಕಿದ ಗುರುತ್ವ ತರಂಗದ ಸುದ್ದಿ ೨೦೧೬ರ ಫೆಬ್ರವರಿಯಲ್ಲಿ ಪ್ರಕಟವಾದಾಗ, ಆ ವಿಜ್ಞಾನಿಗಳು ತಮ್ಮ ಅಂಕಿಗಳ ಜೊತೆಗೆ ಇಂಥ ನೋಟ್‌ಬುಕ್ಕನ್ನೂ ಲೋಕದ ಮುಂದಿಟ್ಟರು. ಬೇಕಾದವರು ಅದನ್ನು ತೆರೆದು, ಅದೇ ಲೆಕ್ಕವನ್ನು ತಾವೇ ಓಡಿಸಿ, ಅದೇ ಅಲೆಯನ್ನು ಕಾಣಬಹುದಾಗಿತ್ತು. ‘ನನ್ನ ಮಾತು ನಂಬು’ ಎನ್ನುವ ಬದಲು ‘ನೀನೇ ಮಾಡಿ ನೋಡು’ ಎನ್ನುವುದು ವಿದ್ಯೆಯಲ್ಲಿ ಎಷ್ಟು ದೊಡ್ಡ ಮಾತು!

ನೋಟ್‌ಬುಕ್ಕು ಒಬ್ಬೊಬ್ಬರದು, ಹಬ್ಬು ಎಲ್ಲರದು. ವಿದ್ಯಾರ್ಥಿ ತನ್ನ ಬ್ರೌಸರಿನಲ್ಲಿ ವಿಳಾಸ ಹೊಡೆದಾಗ ಮುಂಬಾಗಿಲಲ್ಲಿ ಪ್ರಾಕ್ಸಿ ಎಂಬ ದ್ವಾರಪಾಲಕ ಎದುರುಗೊಳ್ಳುತ್ತಾನೆ. ಒಳಗೆ ಹಬ್ಬು ಹೆಸರು ಕೇಳಿ, ಪಾಸ್‌ವರ್ಡ್ ನೋಡಿ, ಆ ವಿದ್ಯಾರ್ಥಿಗೆಂದೇ ಒಂದು ಪ್ರತ್ಯೇಕ ಸರ್ವರನ್ನು ಎಬ್ಬಿಸಿ ಕೊಡುತ್ತದೆ. ಆ ಕೋಣೆಯಲ್ಲಿ ಲೆಕ್ಕ ಮಾಡುವವನ ಹೆಸರು ಕರ್ನಲ್. ದೊಡ್ಡ ವಿಶ್ವವಿದ್ಯಾನಿಲಯಗಳು ಇದನ್ನು ಹಲವು ಯಂತ್ರಗಳ ಮೇಲೆ ಹರಡಿ ನಡೆಸುತ್ತವೆ; ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ೨೦೧೫ರಲ್ಲಿ ಆರಂಭವಾದ ದತ್ತಾಂಶ ವಿಜ್ಞಾನದ ಪಾಠಕ್ಕೆ ಒಂದೇ ಅವಧಿಯಲ್ಲಿ ಸಾವಿರಕ್ಕೂ ಮೀರಿದ ವಿದ್ಯಾರ್ಥಿಗಳು ಹೀಗೆ ಕುಳಿತದ್ದುಂಟು. ನಮ್ಮಂಥವರಿಗೆ ‘ದಿ ಲಿಟಲೆಸ್ಟ್ ಜುಪಿಟರ್ ಹಬ್’ ಎಂಬ ಪುಟ್ಟ ರೂಪವಿದೆ. ಒಂದೇ ಯಂತ್ರ, ನೂರರ ಒಳಗಿನ ಬಳಗ. ಅದರಲ್ಲಿ ಪಾಸ್‌ವರ್ಡಿನ ಕ್ರಮ ತಮಾಷೆಯಾಗಿದೆ. ಯಾರೂ ಕೊಡುವುದಿಲ್ಲ, ಮೊದಲ ಸಲ ಒಳಗೆ ಹೋಗುವಾಗ ನೀವು ಏನನ್ನು ಹೊಡೆಯುತ್ತೀರೋ ಅದೇ ನಿಮ್ಮ ಪಾಸ್‌ವರ್ಡ್ ಆಗಿ ನಿಂತುಬಿಡುತ್ತದೆ. ನಮ್ಮ ಮಿತ್ರನೊಬ್ಬ ಮೊದಲ ದಿನ ಉತ್ಸಾಹದಲ್ಲಿ ಕೀಲಿಮಣೆಯ ಮೇಲೆ ಕೈಯಾಡಿಸಿ ಒಳಗೆ ಹೋದನು. ಎರಡನೆಯ ದಿನ ಏನು ಆಡಿಸಿದೆನೆಂದು ಅವನಿಗೆ ಜ್ಞಾಪಕವಿರಲಿಲ್ಲ.

ನನ್ನ ತಾತ ನಮ್ಮೂರ ಕೆರೆಗೆ ನೀರುಗಂಟಿಯಾಗಿದ್ದರು. ಪೇಟೆಯಲ್ಲಿ ಬೆಳೆದ ಮಿತ್ರರಿಗೆ ಈ ಪದ ಹೊಸದಿರಬಹುದು. ಕೆರೆಯ ತೂಬನ್ನು ಎತ್ತಿ ಇಳಿಸುವವನು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವವನು ನೀರುಗಂಟಿ. ಗದ್ದೆಯ ಒಡೆಯ ಎಷ್ಟೇ ದೊಡ್ಡವನಾಗಲಿ, ನಮ್ಮೂರಿನಲ್ಲಿ ತಾನಾಗಿ ಮಡೆ ಒಡೆಯುವಂತಿರಲಿಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ಪ್ರತಿಯೊಬ್ಬ ರೈತನೂ ಅವರಿಗೆ ಇಷ್ಟು ಧಾನ್ಯವೆಂದು ಅಳೆಯುತ್ತಿದ್ದನು. ತಾತನಿಗೆ ಸ್ವಂತ ಗದ್ದೆಯೆಂದು ಇದ್ದದ್ದು ಹತ್ತು ಗುಂಟೆ. ಅದೂ ಕಾಲುವೆಯ ತುದಿಯಲ್ಲಿ. ಬೋರ್‌ವೆಲ್ಲುಗಳು ಬಂದು, ಕೆರೆ ಹೂಳು ತುಂಬಿ, ಆ ಕೆಲಸ ಅವರ ಕಾಲದಲ್ಲಿಯೇ ನಿಂತುಹೋಯಿತು. ಅವರು ಹೇಳಿದ ಕಥೆಗಳನ್ನು ನಾನು ಕಥೆಗಳೆಂದೇ ಕೇಳಿದ್ದೆ. ಯಂತ್ರದ ಮೆಮೊರಿಯನ್ನು ಮೂವತ್ತೆರಡು ಜನರಿಗೆ ಹಂಚುವ ದಿನ ಬಂದಾಗ ಅವು ಕಥೆಗಳಾಗಿ ಉಳಿಯಲಿಲ್ಲ.

ಮೊದಲ ತಿಂಗಳು ಯಾರಿಗೂ ಯಾವ ಮಿತಿಯೂ ಬೇಡವೆಂದು ವಿಭಾಗದ ಸಭೆ ನಿರ್ಣಯಿಸಿತ್ತು. ಸಹಪಾಠಿಗಳ ನಡುವೆ ಅಳತೆಯ ಕೊಳಗವೇಕೆ ಎಂಬ ಔದಾರ್ಯ. ಆದರೆ ಮಳೆಯ ಅಂಕಿಗಳನ್ನು ಒಟ್ಟಿಗೆ ತೆರೆದರೆ ೩ ಜಿಬಿ. ಲೆಕ್ಕದ ಮಧ್ಯೆ ಅಂಕಿಯೊಂದಕ್ಕೆ ನಾಲ್ಕು ಬೈಟಿನ ಬದಲು ಎಂಟು ಬೈಟು ಹಿಡಿದರೆ ೬ ಜಿಬಿ. ಇಬ್ಬರು ಹೀಗೆ ತೆರೆದರೆ ಹನ್ನೆರಡು. ಮೂರನೆಯವನು ಬಂದಾಗ ಕೆರೆ ಬತ್ತುತ್ತದೆ. ಆಗ ಲಿನಕ್ಸ್ ತನ್ನ ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ, ಸಾಮಾನ್ಯವಾಗಿ ಹೆಚ್ಚು ಉಂಡವನನ್ನೇ ಆರಿಸಿ, ಮುಗಿಸಿಬಿಡುತ್ತದೆ. ತೆರೆಯ ಮೇಲೆ ‘ಕರ್ನಲ್ ಸತ್ತಂತೆ ತೋರುತ್ತದೆ’ ಎಂಬ ಸೂಚನೆ ಮೂಡುತ್ತದೆ. ದಿನಕ್ಕೆ ಮೂರು ನಾಲ್ಕು ಸಾವಿನ ವರ್ತಮಾನಗಳು ನನ್ನ ಕೋಣೆಯ ಬಾಗಿಲಿಗೆ ಬರತೊಡಗಿದವು. ಹೆಚ್ಚು ಉಂಡವನು ಸತ್ತರೆ ನ್ಯಾಯವೆನ್ನಬಹುದು. ಆದರೆ ಅವನು ಉಣ್ಣುತ್ತಿದ್ದಷ್ಟು ಹೊತ್ತೂ ಉಳಿದವರೆಲ್ಲರ ಲೆಕ್ಕ ಆಮೆಯ ನಡೆಯಲ್ಲಿ ಸಾಗುತ್ತಿತ್ತಲ್ಲ!

ಮತ್ತೆ ಸಭೆ ಸೇರಿತು. ಒಬ್ಬೊಬ್ಬರಿಗೆ ೧ ಜಿಬಿ ಎಂದು ಕಟ್ಟು ಮಾಡಬೇಕೆಂದು ಕೆಲವರು. ಸಮಪಾಲು ಎಂದ ಮಾತ್ರಕ್ಕೆ ನ್ಯಾಯವಾಯಿತೇ ಎಂದು ಅರ್ಥಶಾಸ್ತ್ರ ಓದಿದವರು. ಪಾವಗಡದ ಕಡೆಯ ಮಿತ್ರನಿಗೆ ಲ್ಯಾಪ್‌ಟಾಪ್ ಇಲ್ಲ. ಅವನು ಊರಿಗೆ ಹೋಗಿ ಬರುವ ಬಸ್ಸಿನಲ್ಲಿ ಮೊಬೈಲಿನಿಂದಲೇ ನೋಟ್‌ಬುಕ್ಕು ತೆರೆಯುತ್ತಾನೆ. ಲ್ಯಾಪ್‌ಟಾಪ್ ಇರುವ ಏಳು ಮಂದಿಗೂ ಅವನಿಗೂ ಒಂದೇ ಅಳತೆಯೇ? ಅಲ್ಲಿ ನನಗೆ ತಾತನ ಮಾತು ನೆನಪಿಗೆ ಬಂತು. ಕೆರೆ ಅರೆ ತುಂಬಿದ ವರ್ಷ ಊರವರು ಏರಿಯ ಮೇಲೆ ಸೇರಿ, ಈ ಸಲ ಇಷ್ಟೇ ಗದ್ದೆಗೆ ನಾಟಿ, ಅದರಲ್ಲಿ ಎಲ್ಲರಿಗೂ ಪಾಲು, ನೀರು ಸರದಿಯ ಮೇಲೆ ಎಂದು ಮಾತಾಡಿಕೊಳ್ಳುತ್ತಿದ್ದರಂತೆ. “ನೀರು ಕಮ್ಮಿ ಆದ್ರೆ ಜಗಳ ಬರಾಕಿಲ್ಲ ಕಣ್ಲಾ ಮಗ; ಲೆಕ್ಕ ಗೊತ್ತಿಲ್ದಿದ್ರೆ ಜಗಳ ಬರ್ತದೆ” ಎಂದು ಅವರು ಹೇಳುತ್ತಿದ್ದರು.

ಆದುದರಿಂದ ನಾವು ಮೊದಲು ಲೆಕ್ಕವನ್ನು ಎಲ್ಲರ ಮುಂದಿಟ್ಟೆವು. ಮಳೆಯ ಕಡತ ಪ್ರತಿಯೊಬ್ಬನ ಮನೆಯಲ್ಲೂ ಒಂದೊಂದು ಪ್ರತಿ ಬೇಡ. ಎಲ್ಲರೂ ಓದಬಹುದಾದ, ಯಾರೂ ತಿದ್ದಲಾಗದ ಒಂದೇ ಪ್ರತಿ ಸಾಕು. ನೂರಿಪ್ಪತ್ತು ವರ್ಷವನ್ನು ಒಂದೇ ಗುಟುಕಿಗೆ ಕುಡಿಯುವುದೂ ಬೇಡ. ಒಂದು ವರ್ಷವನ್ನು ತೆರೆದು, ಅದರ ಮೊತ್ತವನ್ನು ತೆಗೆದಿಟ್ಟುಕೊಂಡು, ಅದನ್ನು ಮುಚ್ಚಿ ಮುಂದಿನ ವರ್ಷವನ್ನು ತೆರೆದರೆ, ಕೊನೆಗೆ ಕೈಯಲ್ಲಿ ಉಳಿಯುವುದು ಎಂಟು ಒಂಬತ್ತು ಎಂಬಿ ಮಾತ್ರ. ೩ ಜಿಬಿಯ ಮಳೆ ಬೊಗಸೆಯಲ್ಲಿ ಹಿಡಿಯುತ್ತದೆ. ಒಂದು ತಾಲ್ಲೂಕಿನ ಅಧ್ಯಯನಕ್ಕೆ ಬೇಕಾದದ್ದು ನಾಲ್ಕಾರು ಬಿಂದುಗಳಷ್ಟೆ. ಪಾವಗಡದ ಮಿತ್ರನ ಕೆಲಸ ಹೀಗೆ ೧ ಜಿಬಿಯ ಒಳಗೆ ಸಲೀಸಾಗಿ ನಡೆಯಿತು. ದೇಶದ ಒಂದೊಂದು ಬಿಂದುವಿನಲ್ಲಿಯೂ ಎಲ್ಲ ದಿನಗಳ ಮಳೆಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಭಾರಿ ಮಳೆ ಯಾವುದೆಂದು ಗುರುತಿಸುವವರಿಗೆ ಮಾತ್ರ ಹೆಚ್ಚು ಬೇಕಾಯಿತು. ಅಂಥವರಿಗೆ ರಾತ್ರಿಯ ಸರದಿ: ಹನ್ನೊಂದರಿಂದ ಬೆಳಗಿನ ಐದರವರೆಗೆ ಒಬ್ಬರಿಗೆ ೮ ಜಿಬಿ, ಆ ಹೊತ್ತು ಉಳಿದವರು ಒಳಗೆ ಬರುವುದಿಲ್ಲವೆಂದು ಮಾತು. ಸರದಿಯ ಪಟ್ಟಿಯನ್ನು ವಿಭಾಗದ ಬಾಗಿಲಿಗೆ ಅಂಟಿಸಿದೆವು. ಸರದಿಯಿಲ್ಲದ ರಾತ್ರಿ ಯಂತ್ರವನ್ನೇ ನಿಲ್ಲಿಸುತ್ತೇವೆ, ಬಾಡಿಗೆ ಉಳಿಯುತ್ತದೆ. ಡಿಸ್ಕಿನ ಬಾಡಿಗೆ ಮಾತ್ರ ಉಳಿಯುವುದಿಲ್ಲ. ಬೀಗ ಹಾಕಿಕೊಂಡು ಊರಿಗೆ ಹೋದರೂ ಮನೆಯ ಬಾಡಿಗೆ ತಪ್ಪುತ್ತದೆಯೇ?

ಸುಮ್ಮನೆ ತೆರೆದಿಟ್ಟು ಎದ್ದು ಹೋದವರ ಸರ್ವರನ್ನು ಹಬ್ಬು ತಾನೇ ಮುಚ್ಚುವ ಏರ್ಪಾಡಿದೆ. ಮೂಲದಲ್ಲಿ ಅದಕ್ಕೆ ಗಡುವು ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ನಮ್ಮ ಕ್ಯಾಂಟೀನಿನಲ್ಲಿ ಒಂದು ಕಾಫಿಯೂ ಬರುವುದಿಲ್ಲವಾದ್ದರಿಂದ ಒಂದು ಗಂಟೆಗೆ ಏರಿಸಿಕೊಂಡೆವು. ಮುಚ್ಚಿದಾಗ ಬರೆದ ಪುಟ ಹೋಗುವುದಿಲ್ಲ. ಕರ್ನಲ್ಲಿನ ತಲೆಯಲ್ಲಿದ್ದ ಲೆಕ್ಕ ಮಾತ್ರ ಹೋಗುತ್ತದೆ. ಇದರಿಂದ ಬೇಸರವಾದರೂ ಒಂದು ಉಪಕಾರವಾಯಿತು. ನೋಟ್‌ಬುಕ್ಕಿನಲ್ಲಿ ಅಂಕಣಗಳನ್ನು ಮೇಲೆ ಕೆಳಗೆ ಹೇಗೆ ಬೇಕಾದರೂ ಓಡಿಸಬಹುದು. ಅಳಿಸಿದ ಅಂಕಣದ ಉತ್ತರವೂ ಕರ್ನಲ್ಲಿನ ತಲೆಯಲ್ಲಿ ಕುಳಿತಿರುತ್ತದೆ. ನಿನ್ನೆ ಬಂದ ಉತ್ತರ ನಾಳೆ ಬಾರದಿರುವುದಕ್ಕೆ ಇದೇ ಒಂದು ಕಾರಣ. ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿರುವ ಲಕ್ಷಾಂತರ ನೋಟ್‌ಬುಕ್ಕುಗಳನ್ನು ಮತ್ತೆ ಓಡಿಸಿ ನೋಡಿದ ಒಂದು ಅಧ್ಯಯನ ೨೦೧೯ರಲ್ಲಿ ಪ್ರಕಟವಾಯಿತು. ತಪ್ಪಿಲ್ಲದೆ ಕೊನೆ ಮುಟ್ಟಿದವು ನೂರಕ್ಕೆ ಸುಮಾರು ಇಪ್ಪತ್ತನಾಲ್ಕು, ಮೊದಲಿನ ಉತ್ತರವನ್ನೇ ಕೊಟ್ಟವು ನೂರಕ್ಕೆ ಸುಮಾರು ನಾಲ್ಕು. ಆದುದರಿಂದ ನಮ್ಮಲ್ಲಿ ಒಂದು ನಿಯಮ: ಒಪ್ಪಿಸುವ ಮುನ್ನ ಕರ್ನಲ್ಲನ್ನು ಹೊಸದಾಗಿ ಎಬ್ಬಿಸಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓಡಿಸಿ ತೋರಿಸಬೇಕು. ಎಲ್ಲರೂ ಒಂದೇ ಯಂತ್ರದಲ್ಲಿ, ಒಂದೇ ಆವೃತ್ತಿಯ ಸಾಧನಗಳಲ್ಲಿ ಕೆಲಸ ಮಾಡುವುದರಿಂದ ‘ನನ್ನದರಲ್ಲಿ ಬರುತ್ತಿತ್ತು ಸಾರ್’ ಎಂಬ ಮಾತಿಗೆ ಎಡೆಯಿಲ್ಲವಾಯಿತು.

ಇಷ್ಟೆಲ್ಲ ಯಂತ್ರದ ಮಾತು. ಮನುಷ್ಯರ ಮಾತು ಇದಕ್ಕಿಂತ ಕಷ್ಟ.

ಹಬ್ಬನ್ನು ನಡೆಸುವವನ ಕೈಯಲ್ಲಿ ಎಲ್ಲ ಕೋಣೆಗಳ ಬೀಗದ ಕೈಯೂ ಇರುತ್ತದೆ. ಯಾರ ಪುಟವನ್ನು ಬೇಕಾದರೂ ತೆರೆದು ಓದಬಹುದು. ಯಾರು ಯಾವ ಹೊತ್ತಿನಲ್ಲಿ ಒಳಗೆ ಬಂದರೆಂಬುದೂ ದಾಖಲೆಯಲ್ಲಿ ಇರುತ್ತದೆ. ಕಳೆದ ವರ್ಷ ಪ್ರಬಂಧ ಒಪ್ಪಿಸುವ ವಾರದಲ್ಲಿ, ನನ್ನ ಕೋಣೆಯಲ್ಲಿಯೇ ಇದ್ದ ಆಪ್ತಮಿತ್ರನೊಬ್ಬ ಕರಾವಳಿಯ ಮಳೆಯ ಸರಾಸರಿ ತೆಗೆದನು. ಉತ್ತರ ಸೊನ್ನೆಗಿಂತ ಕೆಳಗೆ ಬಂತು. ಕರಾವಳಿಯಲ್ಲಿ ಭೂಮಿಯಿಂದ ಆಕಾಶಕ್ಕೆ ಮಳೆ ಸುರಿಯುತ್ತಿದೆಯೆಂದು ತರಗತಿಯೆಲ್ಲ ನಕ್ಕಿತು. ಮಳೆಯ ಅಂಕಿಯಿಲ್ಲದ ಸಮುದ್ರದ ಬಿಂದುಗಳಲ್ಲಿ ಇಲಾಖೆಯವರು –೯೯೯ ಎಂದು ಗುರುತು ಹಾಕಿರುತ್ತಾರೆ. ಅದನ್ನು ಬಿಟ್ಟು ಲೆಕ್ಕ ಹಾಕಬೇಕು. ಅದೇ ಕರಾವಳಿಯನ್ನು ಕುಮಟೆಯ ಕಡೆಯ ಸಹಪಾಠಿನಿಯೊಬ್ಬಳು ಸರಿಯಾಗಿ ಮಾಡಿದ್ದಳು. ರಾತ್ರಿ ಮಿತ್ರನು ನನ್ನ ಮಂಚದ ಮೇಲೆ ಬಂದು ಕುಳಿತು, “ಲೋ, ಅವಳ ಪುಟ ಒಂದ್ಸಲ ತೆಗೆದು ತೋರ್ಸೋ. ಅವಳಿಗೆ ಗೊತ್ತೇ ಆಗಲ್ಲ” ಎಂದನು.

ಗೊತ್ತಾಗುವುದಿಲ್ಲವೆಂಬುದು ನಿಜವೇ ಆಗಿತ್ತು. ನನ್ನ ಕೈಯನ್ನು ಹಿಡಿದದ್ದೂ ಆ ಮಾತೇ. ತಾತನ ಕಾಲದಲ್ಲಿ ನಮ್ಮಜ್ಜಿಯ ಸ್ವಂತ ತಮ್ಮ ಒಂದು ರಾತ್ರಿ ಬಂದು ತೂಬು ಎತ್ತೆಂದು ಕೇಳಿದನಂತೆ, ತಾತ ಎತ್ತಲಿಲ್ಲ, ಮರುವರ್ಷದ ಗೌರಿಹಬ್ಬಕ್ಕೆ ಅಜ್ಜಿಗೆ ತವರಿನಿಂದ ಬಾಗಿನ ಬರಲಿಲ್ಲ. ನಾನು ಮಿತ್ರನಿಗೆ, “ಅವಳನ್ನೇ ಕೇಳು, ಹೇಳಿಕೊಡ್ತಾಳೆ, ಪುಟ ಮಾತ್ರ ನಾನು ತೆರೆಯಲ್ಲ” ಎಂದೆ. “ದೊಡ್ಡ ಮನುಷ್ಯನಾಗ್ಬಿಟ್ಟೆ ಬಿಡು” ಎಂದು ಅವನು ಎದ್ದುಹೋದನು. ಎರಡು ತಿಂಗಳು ಒಂದೇ ಕೋಣೆಯಲ್ಲಿ ಮಾತಿಲ್ಲದೆ ಮಲಗಿ ಎದ್ದೆವು. ಕೊನೆಗೊಂದು ದಿನ ಅವನು ಲೈಬ್ರರಿಯ ಜಗಲಿಯ ಮೇಲೆ ಅವಳನ್ನೇ ಕೇಳಿದನು. ಅವಳು ಹತ್ತು ನಿಮಿಷದಲ್ಲಿ ಹೇಳಿಕೊಟ್ಟಳು. ಆ ಸಂಜೆ ಎರಡು ಲೋಟ ಕಾಫಿ ತಂದು ಒಂದನ್ನು ನನ್ನ ಮೇಜಿನ ಮೇಲಿಟ್ಟನು. ಇಬ್ಬರೂ ಆ ವಿಷಯ ಎತ್ತಲಿಲ್ಲ.

ಇನ್ನೊಂದು ಸಂದರ್ಭ. ಗುರುಗಳೊಬ್ಬರು, ಯಾರು ಎಷ್ಟು ಹೊತ್ತು ಕೆಲಸ ಮಾಡಿದರೆಂಬ ಪಟ್ಟಿ ಸಿಕ್ಕಿದರೆ ಆಂತರಿಕ ಅಂಕಗಳಿಗೆ ಅನುಕೂಲವೆಂದರು. ಪಟ್ಟಿ ತೆಗೆಯುವುದು ಐದು ನಿಮಿಷದ ಕೆಲಸ. ನಾನು ವಿನಯದಿಂದ, “ಸಾರ್, ಹೀಗೆ ಲೆಕ್ಕ ಇಡ್ತೀವಿ ಅಂತ ಅವರಿಗೆ ಮೊದಲೇ ಹೇಳಿಲ್ಲ. ಕಂಡಕ್ಟರು ಟಿಕೆಟ್ ಕೇಳೋ ಹೊತ್ತಿಗೆ ಮೊಬೈಲು ಮುಚ್ಚೋನು ಐದು ನಿಮಿಷ ಅಂತ ಬರ್ತಾನೆ, ತೆರೆದಿಟ್ಟು ಮಲಗಿದವನು ಒಂದು ಗಂಟೆ ಅಂತ ಬರ್ತಾನೆ” ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಸರಿ, ಹಾಗಾದರೆ ಬೇಡ” ಎಂದರು. ಕೇಳುವ ಅಧಿಕಾರವುಳ್ಳವರು ಬೇಡವೆನ್ನುವುದು ದೊಡ್ಡತನ. ಮರುದಿನವೇ ಸಭೆಯಲ್ಲಿ, ಮಾಲಿಕನನ್ನು ಕೇಳದೆ ಯಾರ ಪುಟವನ್ನೂ ತೆರೆಯತಕ್ಕದ್ದಲ್ಲ, ಹೊತ್ತಿನ ದಾಖಲೆ ಯಂತ್ರದ ರಿಪೇರಿಗಲ್ಲದೆ ಬೇರೆಯದಕ್ಕಲ್ಲ ಎಂದು ಅವರೇ ಬರೆಸಿದರು. ಪಾವಗಡದ ಮಿತ್ರ ಆಗಸ್ಟ್ ತಿಂಗಳಲ್ಲಿ ಒಂದು ಮಳೆಗೂ ಇನ್ನೊಂದು ಮಳೆಗೂ ನಡುವೆ ಎಷ್ಟು ಒಣದಿನಗಳು ಬೀಳುತ್ತವೆಂದು ಎಣಿಸಿದ್ದಾನೆ. ಅವನ ತಂದೆ ಕಡಲೆಕಾಯಿ ಬೆಳೆಯುವವರು. ಆ ಎಣಿಕೆ ಅವನಿಗೆ ಬರಿಯ ಪರೀಕ್ಷೆಯ ವಿಷಯವಲ್ಲ. ಬಂದ ಉತ್ತರವೇನೆಂದು ಓದುಗರು ಕೇಳಬಹುದು. ಅದನ್ನು ಹೇಳುವ ಹಕ್ಕು ಅವನದು.

ಈ ವರ್ಷಕ್ಕೆ ನನ್ನ ವಿದ್ಯಾಭ್ಯಾಸ ಮುಗಿಯುತ್ತದೆ. ಎರಡನೆಯ ವರ್ಷದ ಇಬ್ಬರು ಕೆಲಸ ಕಲಿತಿದ್ದಾರೆ. ಭಾನುವಾರದ ಪ್ರತಿ ತೆಗೆದಿಡುವುದು, ತಿಂಗಳ ಬಿಲ್ಲು ನೋಡುವುದು, ಸರದಿಯ ಪಟ್ಟಿ ಅಂಟಿಸುವುದು ಈಗ ಅವರದೇ. ಹೊರಡುವ ದಿನ ಮುಖ್ಯ ಪಾಸ್‌ವರ್ಡನ್ನು ಅವರೇ ಬದಲಾಯಿಸುತ್ತಾರೆ, ನಾನು ಗೋಡೆಯ ಕಡೆಗೆ ತಿರುಗಿ ನಿಲ್ಲುತ್ತೇನೆ. ಮುಂದಿನ ವರ್ಷದ ಬಾಡಿಗೆಗೆ ನಿಧಿ ಇನ್ನೂ ಗೊತ್ತಾಗಿಲ್ಲ. ಲ್ಯಾಪ್‌ಟಾಪ್ ಇರುವ ಮಿತ್ರರು ತಮಗೆ ಹಬ್ಬಿನ ಅಗತ್ಯವಿಲ್ಲವೆಂದು ಭಾವಿಸಬಾರದೆಂದು ನನ್ನ ಬಿನ್ನಹ. ನಮ್ಮೂರ ಕೆರೆಗೆ ಹೂಳು ತುಂಬಿದ್ದು ಮಳೆ ಬಾರದೆ ಅಲ್ಲ. ಬೋರ್‌ವೆಲ್ ಹಾಕಿಸಿಕೊಂಡವರು ಏರಿಯ ಮೇಲೆ ಸೇರುವುದನ್ನು ನಿಲ್ಲಿಸಿದ್ದರಿಂದ. ಈಗ ಆ ಬೋರ್‌ವೆಲ್ಲುಗಳಲ್ಲೂ ನೀರಿಲ್ಲ.

ಜೂನ್ ತಿಂಗಳಲ್ಲಿ ಹೊಸಬರು ಬರುತ್ತಾರೆ. ಅವರಿಗೆ ಹಿರಿಯನ ಒಂದೇ ಒಂದು ಬುದ್ಧಿವಾದ: ಮೊದಲ ಸಲ ಒಳಗೆ ಹೋಗುವಾಗ ಕೀಲಿಮಣೆಯ ಮೇಲೆ ಸುಮ್ಮನೆ ಕೈಯಾಡಿಸಬೇಡಿ.